ಕರಡು ಬರೆದ ಕೈ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಕಾಗದದ ಕಟ್ಟುಗಳು, ಭೂತಗನ್ನಡಿ, ಆರಿಹೋದ ಚಹಾ. ಎಪ್ಪತ್ನಾಲ್ಕರ ಮಾಜಿ ರಾಜತಾಂತ್ರಿಕರು ಒಂದೇ ಸಾಲನ್ನು ನಾಲ್ಕನೇ ಸಲ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಾರೆ.

"ಹೆದರಿಕೆ ಕಣ್ರೀ," ಎನ್ನುತ್ತಾರೆ. "ಹತ್ತು ಗಂಟೆಗೆ ನಮ್ಮ ಹಳೇ ಡ್ರೈವರ್ ಬರ್ತಾನೆ. ನನ್ನ ಪುಸ್ತಕದಲ್ಲಿ ಅವನ ತಮ್ಮನ ಬಗ್ಗೆ ಇರೋ ಅಧ್ಯಾಯ ಓದಿ ಹೇಳ್ಬೇಕಂತೆ."

ಇಪ್ಪತ್ತೆಂಟು ವರ್ಷ ದೂತಾವಾಸಗಳಲ್ಲಿ ದುಡಿದರೂ ಇವರ ಹೆಸರು ಯಾವ ಕಾಗದದ ಕೆಳಗೂ ಇಲ್ಲ. ಕರಡು ಇವರದು, ಸಹಿ ಮೇಲಿನವರದು. ನಿವೃತ್ತಿಯಾದ ಮೇಲೆ ಇತಿಹಾಸದ ಹುಚ್ಚು ಹತ್ತಿತು. ದಿನಕ್ಕೆ ನಲವತ್ತು ಪುಟ ಹಳೆಯ ಕಡತ ಓದಿದರೆ ಬರೆಯುವುದು ಒಂದೇ ಪುಟ. ಹನ್ನೊಂದು ವರ್ಷದಿಂದಲೂ ಅದೇ ಕಥೆ, ಗಲಭೆಗೆ ಸಿಕ್ಕಿ ಮುಚ್ಚಿಹೋದ ಒಂದು ದೂತಾವಾಸದ್ದು. "ಇವರನ್ನ ಕಟ್ಕೊಂಡು ಆ ಊರನ್ನೂ ಕಟ್ಕೊಂಡ ಹಾಗಾಯ್ತು," ಎಂದು ಹೆಂಡತಿ ಒಳಗಿನಿಂದಲೇ ಚುಚ್ಚುತ್ತಾರೆ.

ಆ ದೂತಾವಾಸದ ಕಾರು ಓಡಿಸುತ್ತಿದ್ದವರೇ ಈ ಡ್ರೈವರ್. ಅವರ ತಮ್ಮ ಅಲ್ಲೇ ಗುಮಾಸ್ತ. 'ಊರು ಶಾಂತವಾಗಿದೆ, ಸಿಬ್ಬಂದಿಯನ್ನು ಕರೆಸಿಕೊಳ್ಳುವ ಅಗತ್ಯವಿಲ್ಲ' ಎಂದು ಸರ್ಕಾರಕ್ಕೆ ತಂತಿ ಹೋಯಿತು, ಹಾಗಾಗಿ ಕರೆದೊಯ್ಯುವ ವಿಮಾನ ಬರಲಿಲ್ಲ. ಮೂರನೇ ದಿನ ಗುಂಪು ನುಗ್ಗಿತು, ತಮ್ಮ ಉಳಿಯಲಿಲ್ಲ. ತಂತಿಯಲ್ಲಿದ್ದದ್ದು ರಾಯಭಾರಿಯ ಹೆಸರು. ಅವರು ತೀರಿಹೋಗಿ ಎಷ್ಟೋ ಕಾಲವಾದರೂ ಡ್ರೈವರ್ ಹಿಡಿಶಾಪ ಹಾಕುವುದನ್ನು ಬಿಟ್ಟಿಲ್ಲ.

"ಆ ತಂತಿ ಬರೆದದ್ದು ನಾನು. ಮೊದಲು 'ಅಪಾಯ' ಅಂತ್ಲೇ ಬರೆದಿದ್ದೆ. ಸಾಹೇಬ್ರು ಮುಖ ಸಿಂಡರಿಸ್ತಾರೆ ಅಂತ ನಾನೇ ತಿದ್ದಿಬಿಟ್ಟೆ. ಹಾಗೆ ತಿದ್ದು ಅಂತ ಯಾರೂ ಹೇಳಿರ್ಲಿಲ್ಲ. ಅದನ್ನ ಒಪ್ಕೊಳ್ಳೋ ಈ ಸಾಲು ಹೊಡೆದ್ಹಾಕಿದ್ರೆ ಯಾವ ಕಡತದಲ್ಲೂ ನಾನು ಸಿಗಲ್ಲ."

ಹತ್ತಕ್ಕೆ ಇನ್ನೂ ಐದು ನಿಮಿಷವಿದೆ ಎನ್ನುವಾಗ ಕರೆಗಂಟೆ. ಡ್ರೈವರ್ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಇವರು ಓದುತ್ತಾರೆ. ಆ ಸಾಲನ್ನೂ ಹಾರಿಸುವುದಿಲ್ಲ.

"ಮೂವತ್ತು ವರ್ಷ ಇನ್ಯಾರನ್ನೋ ಬೈದುಬಿಟ್ನಲ್ಲ ಸಾರ್," ಎನ್ನುತ್ತಾರೆ ಡ್ರೈವರ್. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಹೋಗಿಬರ್ತೀನಿ ಎನ್ನುವುದಿಲ್ಲ. ಹೊಸ್ತಿಲು ದಾಟುವಾಗ ತಿರುಗದೆಯೇ ಹೇಳುತ್ತಾರೆ: "ಅವನ ವಯಸ್ಸು ತಪ್ಪಾಗಿದೆ. ಇಪ್ಪತ್ತಾರಲ್ಲ, ಇಪ್ಪತ್ನಾಲ್ಕು. ಸರಿಯಾಗಿ ಬರ್ಕೊಳ್ಳಿ."

ಇವರು ತಿದ್ದುತ್ತಾರೆ. "ಆ ವಯಸ್ಸಿನ ಪಕ್ಕದಲ್ಲೇ ನನ್ನ ಹೆಸರೂ ಅಚ್ಚಾಗ್ಲಿ, ಅಷ್ಟೇ ನನ್ನಾಸೆ," ಎನ್ನುತ್ತಾರೆ. "ಹೆದರಿಕೆ ಹೋಗಿಲ್ಲ. ಹೋಗೋದೂ ಬೇಡ."