ನಿನ್ನೆ ಏನು ಮಾಡಿದೆ?

ಫ್ರೆಂಚ್ ಸ್ಕೋರಿಂಗ್ ಸಬ್ಜೆಕ್ಟ್ ಎಂದು ಯಾರೋ ಹೇಳಿದ್ದನ್ನು ನಂಬಿ, ತುಮಕೂರಿನ ಕಾಲೇಜಿನಲ್ಲಿ ಅದನ್ನೇ ತೆಗೆದುಕೊಂಡೆ. ಹೇಳಿದವರ ಬಾಯಿಗೆ ಮಣ್ಣು ಹಾಕ! ಬರೆಯುವುದು ಒಂದು ಮೂಟೆ ಅಕ್ಷರ, ಬಾಯಲ್ಲಿ ಬರುವುದು ಒಂದು ಹಿಡಿ. ಮಿಕ್ಕಿದ್ದನ್ನೆಲ್ಲ ಮೂಗೇ ನುಂಗುತ್ತದೆ. ಭೂತಕಾಲವಂತೂ ಇನ್ನೊಂದು ಪೀಡೆ. ನಮ್ಮಲ್ಲಿ ‘ಬಂದರು’, ‘ತಿಂದರು’ ಎಂದರೆ ಮುಗಿಯಿತು. ಅಲ್ಲಿ ಬಂದದ್ದಕ್ಕೆ ಒಂದು ಸಹಾಯಕ ಕ್ರಿಯಾಪದ, ತಿಂದದ್ದಕ್ಕೆ ಬೇರೊಂದು. ಒಂದು ಸಲ ಫೇಲಾದೆ. ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಎರಡನೆಯ ಸಲದ ಮೌಖಿಕ ಪರೀಕ್ಷೆಯ ಹಿಂದಿನ ದಿನವೇ ಹುಲಿಯೂರುದುರ್ಗದಿಂದ ಗಂಡಿನ ಕಡೆಯವರು ನಿಟ್ಟೂರಿನ ನಮ್ಮ ಮನೆಗೆ ಬಂದು, ನನ್ನನ್ನು ನೋಡಿ ಹೋದರು.

ನಾವು ಓದುವ ರೀತಿ ಒಂದೇ: ಗೈಡಿನ ಉತ್ತರ ಬಾಯಿಪಾಠ. ‘ನಿನ್ನೆ ಏನು ಮಾಡಿದೆ?’ ಎಂಬುದು ಖಾಯಂ ಪ್ರಶ್ನೆ. ಹಾಗಾಗಿ ಇಡೀ ಕ್ಲಾಸು ನಿನ್ನೆ ಪ್ಯಾರಿಸ್ಸಿನ ಮ್ಯೂಸಿಯಮ್ಮಿಗೆ ಹೋಗಿತ್ತು, ಚೀಸ್ ತಿಂದಿತ್ತು. ಪರೀಕ್ಷೆಯಲ್ಲಿ ನಾನೂ ಅದೇ ಮ್ಯೂಸಿಯಮ್ಮಿಗೆ ಹೊರಟೆ. ಪರೀಕ್ಷೆ ಮಾಡುತ್ತಿದ್ದ ಮೇಡಂ ಕೈ ಎತ್ತಿ ತಡೆದರು.

“ಬೆಳಗ್ಗೆಯಿಂದ ಆ ಮ್ಯೂಸಿಯಂ ಸುತ್ತಿ ಸುತ್ತಿ ನಂಗೆ ಕಾಲ್ ನೋವು ಬಂತು ಕಣಮ್ಮ. ನಿಮ್ಮನೇಲಿ ನಿನ್ನೆ ನಿಜವಾಗ್ಲೂ ಏನಾಯ್ತು, ಅದನ್ನ ಹೇಳು. ತಪ್ಪಾದ್ರೂ ಫ್ರೆಂಚಲ್ಲೇ.”

ನಿಜಕ್ಕೆ ಗೈಡ್ ಇರಲಿಲ್ಲ. “ಇಲ್ ಸೋಂ ವನ್ಯು,” ಎಂದೆ. ಅವರು ಬಂದರು. “ಇಲ್‌ಝೋಂ ಮಾಂಝೆ.” ತಿಂದರು. ಉಪ್ಪಿಟ್ಟಿಗೆ ಅವರ ಭಾಷೆಯಲ್ಲಿ ಏನನ್ನುತ್ತಾರೋ, ಉಪ್ಪಿಟ್ಟು ಎಂದೇ ಅಂದೆ. ‘ನನ್ನನ್ನು ನೋಡಿದರು’ ಎನ್ನುವಾಗ ಪದಗಳು ಹಿಂದುಮುಂದಾದವು. ಮೇಡಂ ತಿದ್ದಲಿಲ್ಲ. ಬಂದವರಿಗೆ ನೀನು ಏನು ಹೇಳಿದೆ ಎಂದು ಫ್ರೆಂಚಿನಲ್ಲೇ ಮೆಲ್ಲಗೆ ಕೇಳಿದರು.

ಏನೂ ಹೇಳಲಿಲ್ಲ ಎನ್ನುವಷ್ಟು ಫ್ರೆಂಚ್ ನನಗೆ ಬರುತ್ತಿತ್ತು. ಹೇಳಿ, ದುಪಟ್ಟದಲ್ಲಿ ಕಣ್ಣೊರೆಸಿಕೊಂಡೆ. ಅವರು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, “ಪಾಸಾದೆ, ಹೋಗು” ಎಂದರು. ಆ ಹೆಂಗಸನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಎನಿಸುತ್ತದೆ.

ಹೊರಗೆ ಅಪ್ಪ ಸ್ಕೂಟರ್ ಹತ್ತಿರ ಕಾಯುತ್ತಿದ್ದ.

“ಏನ್ ಕೇಳಿದ್ರು?”

“ನಿನ್ನೆ ಬಂದವ್ರಿಗೆ ನೀನೇನ್ ಹೇಳ್ದೆ ಅಂತ ಕೇಳಿದ್ರು.”

ಕೀಲಿ ತಿರುಗಿಸುತ್ತಿದ್ದ ಅಪ್ಪನ ಕೈ ನಿಂತಿತು. “ಏನಂದೆ?”

“ಏನೂ ಹೇಳ್ಲಿಲ್ಲ ಅಂದೆ. ಯಾರೂ ಕೇಳ್ಲಿಲ್ವಲ್ಲಪ್ಪ.”

ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ.

“ಈಗ ಕೇಳ್ತಾ ಇದೀನಿ. ಹೇಳವ್ವ.”

“ಈ ಮದ್ವೆ ಬ್ಯಾಡ ಕಣಪ್ಪ,” ಎಂದೆ.