ಸುಣ್ಣ ಹತ್ತಿದ ಕಲ್ಲಿದ್ದಲು

ಆ ಕಲ್ಲಿದ್ದಲಿನ ತುಂಡಿಗೆ ಒಂದೇ ಮಗ್ಗುಲಲ್ಲಿ ಸುಣ್ಣ ಹತ್ತಿತ್ತು — ಹೆಬ್ಬೆರಳಿನಷ್ಟು ಅಗಲ, ಅಂಚಿನಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ನೀಲವ್ವನ ಬುಟ್ಟಿಯ ತಳಕ್ಕೆ ತುರುಕಿದವಳು ನಾನು.

ವಡಾಲದಲ್ಲಿ, ಹಳಿಗಳ ಆಚೆ, ಬಂದರಿನ ಕಡೆಗೆ ಒಂದು ಕಲ್ಲಿದ್ದಲಿನ ಡಿಪೋ ಇತ್ತು. ಅಪ್ಪ ಅಲ್ಲಿ ಕ್ಲಾರ್ಕು; ಗೇಟಿನ ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸು. ಒಗೆದ ಬಟ್ಟೆಯ ಮೇಲೆ, ಹಾಲಿನ ಕೆನೆಯ ಮೇಲೆ ಕರಿ ಪುಡಿ. ಗಣಿಯನ್ನು ನಾನು ಕಂಡವಳಲ್ಲ. ಆದರೂ ಗಣಿಯ ಊರಿನ ಮಕ್ಕಳಂತೆ ನಾವೂ ಉಗುಳಿದರೆ ಕಪ್ಪೇ ಬೀಳುತ್ತಿತ್ತು.

ನೀಲವ್ವನ ತಾಯಿ ಬಸವ್ವ ಬಿಜಾಪುರದ ಕಡೆಯಿಂದ ಬಂದವಳು, ವ್ಯಾಗನ್ನಿನಿಂದ ಕಲ್ಲಿದ್ದಲು ಹೊರುತ್ತಿದ್ದಳು. ಸಂಜೆ ಕೂಲಿಯವರ ಮಕ್ಕಳು ನೆಲಕ್ಕೆ ಬಿದ್ದ ಚೂರುಗಳನ್ನು ಆರಿಸಿಕೊಳ್ಳಬಹುದಿತ್ತು. ರಾಶಿಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅದಕ್ಕೇ ರಾಶಿಗಳ ಮೇಲೆ ಸುಣ್ಣದ ನೀರು ಚಿಮುಕಿಸುತ್ತಿದ್ದರು — ಯಾರಾದರೂ ತೆಗೆದರೆ ಬಿಳಿಯ ನಡುವೆ ಕಪ್ಪು ಗುಳಿ ಕಾಣುತ್ತದೆ, ತೆಗೆದವರ ಬುಟ್ಟಿಯಲ್ಲಿ ಬಿಳಿ ಕಾಣುತ್ತದೆ. ಹೊರಡುವಾಗ ಕೂಲಿಯವರ ಮೇಸ್ತ್ರಿಯಾದ ಮುಕಾದಮ ಗೇಟಿನಲ್ಲಿ ಪ್ರತಿ ಬುಟ್ಟಿಯನ್ನೂ ಗೋಣಿತಟ್ಟಿನ ಮೇಲೆ ಸುರಿಸಿ ನೋಡುತ್ತಿದ್ದ.

ನನಗಾಗ ಹನ್ನೊಂದು ವರ್ಷ. ನೀಲವ್ವನಿಗೂ ಅಷ್ಟೇ. ಆದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಒಂದು ಸಂಜೆ ಆಟಕ್ಕೆಂದು ನಾನೂ ಆರಿಸಲು ಕೂತೆ, ಮಡಿಲು ತುಂಬಿಸಿ ತೋರಿಸಿದೆ. ಅವಳು ಒಂದೊಂದನ್ನೇ ಎತ್ತಿ ನೋಡಿ ನಕ್ಕಳು.

“ಅಕ್ಕಾರ, ಇವೆಲ್ಲಾ ಬರೇ ಕಲ್ಲರೀ! ಇದನ್ನ ಒಲಿಗೆ ಹಾಕಿದ್ರ ನಿಮ್ಮ ಅನ್ನ ಮುಂದಿನ ದೀಪಾವಳಿಗೆ ಬೇಯ್ತೈತಿ ನೋಡ್ರಿ!”

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ — ಹುಡುಕಿ ನೋಡಿದ್ದೇನೆ.

ಮರುದಿನ ಸಂಜೆ ಅಪ್ಪನಿಗೆ ಚಹಾ ಕೊಟ್ಟು ಬರುವಾಗ ರಾಶಿಯ ಅಂಚಿನಿಂದ ಆ ತುಂಡನ್ನು ತೆಗೆದೆ. ನೀಲವ್ವ ನೀರು ಕುಡಿಯಲು ಹೋಗಿದ್ದಳು. ನನಗೆ ನೋಡಬೇಕಿತ್ತು — ಏನಾಗುತ್ತದೆ ಎಂದು.

ಗೇಟಿನಲ್ಲಿ ಬುಟ್ಟಿ ಸುರಿದಾಗ ಬಿಳಿ ಮೇಲಾಗಿ ಬಿತ್ತು.

“ಚೋರ್ ಕಹೀಂ ಕೀ!” ಎಂದ ಮುಕಾದಮ. ಬಸವ್ವ ಓಡಿ ಬಂದಳು. “ನನ್ನ ಮಗಳು ಸುಣ್ಣದ್ದು ಮುಟ್ಟಂಗಿಲ್ರೀ ಸಾಯೇಬರ, ದೇವರಾಣಿ ಮುಟ್ಟಂಗಿಲ್ಲ!” ಮುಕಾದಮ ಸುತ್ತ ನೋಡಿದ. ಕ್ಲಾರ್ಕ್ ಸಾಹೇಬರ ಮಗಳು ನಿಂತಿದ್ದಳು — ತೊಳೆದ ಮುಖ, ಎರಡು ಜಡೆ.

“ಬೇಬಿ, ತೂನೇ ದೇಖಾ?” — ಅವಳು ತೆಗೆದದ್ದನ್ನು ನೀನು ನೋಡಿದೆಯಾ ಎಂದು ನನ್ನನ್ನು ಕೇಳಿದ.

“ಹಾಂ,” ಎಂದೆ. “ದೇಖಾ.”

ಬಸವ್ವ ಮತ್ತೆ ವಾದಿಸಲಿಲ್ಲ. ನನ್ನನ್ನು ನಂಬಿದಳು. ನಾಳೆಯಿಂದ ಕೆಲಸ ಬೇಕಾದರೆ ನೀನೇ ಬುದ್ಧಿ ಕಲಿಸು ಎಂದು ಮುಕಾದಮ ಅಲ್ಲೇ ಇದ್ದ ಸುಣ್ಣದ ನೀರಿನ ಬಕೀಟನ್ನು ಕಾಲಿನಿಂದ ಅವಳತ್ತ ತಳ್ಳಿದ. ಅವಳು ಎರಡೂ ಕೈ ಅದ್ದಿ ಮಗಳ ಮುಖಕ್ಕೆ ಬಳಿದಳು. ಮೊದಲು ಹುಡುಗರು ನಕ್ಕರು. ನೀಲವ್ವ ಕಿರುಚತೊಡಗಿದಾಗಲೂ ಕೆಲವರು ನಗುತ್ತಿದ್ದರು. ಕಣ್ಣು ತೊಳೆಯಿರಿ ಎಂದು ಯಾರೂ ಹೇಳಲಿಲ್ಲ — ನಾನೂ ಹೇಳಲಿಲ್ಲ. ನಮ್ಮ ಮನೆಯ ನಲ್ಲಿ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ ಇತ್ತು.

ನೀಲವ್ವನ ಬಲಗಣ್ಣು ಹೋಯಿತು. ಅವಳ ಶಾಲೆಯೂ ನಿಂತಿತು. ಸ್ವಲ್ಪ ದಿನಕ್ಕೆ ಅವರು ಧಾರಾವಿಗೆ ಹೋದರು.

ನಾನು ಓದಿದೆ. ಎಂ.ಎ. ಆಯಿತು. ಕಳೆದ ವಾರ ವಡಾಲ ಸ್ಟೇಷನ್ನಿನಲ್ಲಿ ಯಾರೋ ಅಕ್ಕಾರ ಎಂದು ಕೂಗಿದರು. ತಿರುಗಿದೆ — ಕಂಕುಳಲ್ಲಿ ಮಗು, ಬಲಗಣ್ಣಿನ ಮೇಲೆ ಬಿಳಿ ಪೊರೆ.

“ಗುರ್ತ ಸಿಗಲಿಲ್ಲೇನ್ರೀ? ಕಲ್ಲು ಆರಿಸ್ತಿದ್ರಲ್ಲಾ!” ಎಂದು ಅಂದಿನ ಹಾಗೇ ನಕ್ಕಳು.

ಬಸವ್ವನನ್ನು ಕೇಳಿದೆ. ಹೋದ ವರ್ಷ ತೀರಿಕೊಂಡಳಂತೆ. “ಸಾಯೋಮಟ ತನ್ನ ಕೈ ನೋಡ್ಕೊಂತ ಅಳೂದ ಆಕಿದು. ನಾ ಹೇಳ್ತಿದ್ದೆ — ಬಿಡಬೇ ಅವ್ವ, ತಪ್ಪು ನಂದ. ಕತ್ತಲಾಗಿತ್ತು, ನೋಡದ ಹಾಕ್ಕೊಂಡಿರಬೇಕು ಅಂತ. ಹೌದಲ್ರೀ ಅಕ್ಕಾರ? ನೀವು ನೋಡಿದ್ರಲ್ಲಾ.”

ಕತ್ತಲಾಗಿರಲಿಲ್ಲ. ಅವಳು ತನ್ನ ನೆನಪನ್ನೇ ತಿದ್ದಿಕೊಂಡಿದ್ದಾಳೆ — ನನ್ನ ಮಾತು ನಿಜವಾಗಲೆಂದು.

ಆಗ ಹೇಳಬಹುದಿತ್ತು. ಲೋಕಲ್ ಬಂತು. ಹತ್ತಿದೆ.

ಬರುವ ಭಾನುವಾರ ಧಾರಾವಿಗೆ ಹೋಗುತ್ತೇನೆ. ಬಸವ್ವನಿಗೆ ಹೇಳುವ ಕಾಲ ಮುಗಿಯಿತು, ಮಗಳಿಗಾದರೂ ಹೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ — ಅದನ್ನೂ ಅವಳ ತಲೆಗೆ ಹೊರಿಸಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅವಳಿಗೆ ಗೊತ್ತಿಲ್ಲದ ಕೊನೆಯದೊಂದನ್ನೂ ಬಿಡುವುದಿಲ್ಲ.

ಗೇಟಿನಲ್ಲಿ ಸುರಿದ ಅವಳ ಕಲ್ಲಿದ್ದಲನ್ನು ಮುಕಾದಮ ಅಂದೇ ನಮ್ಮ ಮನೆಗೆ ಕಳಿಸಿದ್ದ. ಮರುದಿನ ಬೆಳಿಗ್ಗೆ ಸಿಗಡಿ ಒಲೆ ಹೊತ್ತಿಸಲು ಅಮ್ಮ ನನಗೆ ಹೇಳಿದಳು. ಬುಟ್ಟಿಯಲ್ಲಿ ಕೈಯಾಡಿಸಿ ಆ ತುಂಡನ್ನು ಹುಡುಕಿದೆ, ಬಿಳಿ ಮಗ್ಗುಲು ಕೆಳಗಾಗಿಸಿ ಮೊದಲು ಅದನ್ನೇ ಇಟ್ಟೆ, ಕೆಂಪಾಗುವವರೆಗೆ ಊದಿದೆ. ಹಾಲು ಕಾಯಿತು. ಸಕ್ಕರೆ ಹಾಕಿ ಕುಡಿದು ಶಾಲೆಗೆ ಹೋದೆ.