ಬಾಲದಕ್ಕ ಕೊಟ್ಟ ಮಳೆ

ನನ್ನ ಫೋಟೊ ಅಂಗಡಿಯ ಮೇಲಿನ ಮಹಡಿಯಲ್ಲಿ ವೀಸಾ ಸಲಹೆಯ ಕಚೇರಿ ಇದೆ. ಪರದೇಶಕ್ಕೆ ಹೋಗುವವರ ಅರ್ಜಿ ತುಂಬಿಸಿ, ಕಾಗದಪತ್ರ ಜೋಡಿಸಿ, ಅಧಿಕಾರಿಯ ಮುಂದೆ ಕೂತು ಮಾತಾಡುವುದನ್ನು ಹೇಳಿಕೊಡುವುದು ಅಲ್ಲಿಯ ಕಸುಬು. ಬಾಯಿ ಇದ್ದವರೆಲ್ಲ ಸಲಹೆಗಾರರಾಗುವ ಹಾಗಿಲ್ಲ. ಅದಕ್ಕೂ ತರಬೇತಿ ಉಂಟು, ಪರೀಕ್ಷೆ ಉಂಟು, ಪರವಾನಗಿ ಉಂಟು. ಆ ತರಬೇತಿ ಕೊಡುವ ಹೆಂಗಸಿನ ಕಥೆ ಇದು. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಬಾಲದಕ್ಕ.

ಆ ಹೆಸರು ಬಂದದ್ದು ಅವಳ ಪಾಠದಿಂದ. ಅವಳು ಸಲಹೆಗೆ ಕೂತ ಕಾಲದಲ್ಲಿ, ಅರ್ಜಿ ಹಾಕುವವರನ್ನು ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಬೆನ್ನ ಹಿಂದೆ ಯಾರು ಬಂದರು ಯಾರು ಹೋದರು ತಿಳಿಯದಿದ್ದರೆ ಮನುಷ್ಯನಿಗೆ ನೆಮ್ಮದಿ ಇರುವುದಿಲ್ಲ, ಅಧಿಕಾರಿಯ ಮುಂದೆಯೂ ಹಾಗೆಯೇ ಇರುತ್ತದೆ, ಅಭ್ಯಾಸವಾಗಲಿ ಎಂದು. ಆಮೇಲೆ ತಾನೇ ಅಧಿಕಾರಿಯಾಗಿ ಮುಖ ಗಂಟು ಹಾಕಿಕೊಂಡು ಪ್ರಶ್ನೆ ಶುರು ಮಾಡುವಳು.

"ಮದುವೆ ಎಲ್ಲಿ ಆಯ್ತು?"

"ರಿಜಿಸ್ಟ್ರಾರ್ ಕಚೇರೀಲಿ."

"ಇಷ್ಟೇನಾ? ಮೊಂಡು ಉತ್ತರ. ಉತ್ತರಕ್ಕೆ ಒಂದು ಬಾಲ ಇರ್ಬೇಕು ಕಣಪ್ಪ. ಬಾಗಿಲಲ್ಲಿ ಯಾರಿದ್ರು, ಗಾಳಿ ಹೇಗಿತ್ತು, ಯಾರು ಎಡವಿದ್ರು, ಒಂದೇ ಒಂದು ಸಣ್ಣ ವಿಷಯ. ಆವಾಗ ಅವರು ನಂಬ್ತಾರೆ."

ಅವಳು ಹೇಳುತ್ತಿದ್ದುದು ಸುಳ್ಳಲ್ಲ. ಬಾಲ ಇದ್ದ ಉತ್ತರಕ್ಕೆ ಅಧಿಕಾರಿಗಳು ತಲೆದೂಗುತ್ತಿದ್ದರು. ಅವಳ ಕೈಯಲ್ಲಿ ಪಳಗಿ ಹೋದವರು ವೀಸಾ ಹಿಡಿದುಕೊಂಡೇ ಮೆಟ್ಟಿಲಿಳಿದು, ನನ್ನ ಅಂಗಡಿಯ ಮುಂದೆ ನಿಂತು ಹಲ್ಲುಕಿರಿಯುತ್ತಿದ್ದರು. ವೀಸಾ ಫೋಟೊ ತೆಗೆಸುವಾಗ ನಗಬೇಡಿ ಎಂದು ನಾನು ಗದರಿದ್ದಕ್ಕೆ ಅದು ಬಡ್ಡಿ.

ಒಂದು ಮಧ್ಯಾಹ್ನ ಕಾಜಾ ಹುಡುಗಿ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವ ಕೆಲಸ ಅವಳದು, ಅದಕ್ಕೇ ಆ ಹೆಸರು. ಗಂಡ ಪರದೇಶದಲ್ಲಿ ಬಸ್ಸುಗಳ ಮೆಕ್ಯಾನಿಕ್. ಮದುವೆಯಾಗಿ ಕೆಲವೇ ವಾರ ಜೊತೆಗಿದ್ದು ಹೋದವನು ಈಗ ರಜೆಗೆ ಬಂದಿದ್ದ. ಅವನು ವಾಪಸು ಹೋದ ಮೇಲೆ ಇವಳೂ ಅವನ ಹತ್ತಿರ ಹೋಗಬೇಕು. ಮದುವೆ ನಿಜವೋ, ವೀಸಾಕ್ಕಾಗಿ ಕಟ್ಟಿದ ನಾಟಕವೋ ಎಂದು ಅಧಿಕಾರಿಗಳು ಗಂಡನನ್ನು ಅಲ್ಲಿ, ಹೆಂಡತಿಯನ್ನು ಇಲ್ಲಿ, ಬೇರೆ ಬೇರೆ ಕೂರಿಸಿ ಕೇಳುತ್ತಾರೆ. ಇಬ್ಬರನ್ನೂ ತಯಾರು ಮಾಡಲು ಅಕ್ಕನ ಮುಂದೆ ಕೂರಿಸಿದರು.

ಹುಡುಗಿ ಬಾಯಿಗೆ ಬೆರಳಿಟ್ಟರೂ ಕಚ್ಚುವವಳಲ್ಲ. ಏನು ಕೇಳಿದರೂ "ಗೊತ್ತಿಲ್ಲ ಅಕ್ಕ", "ಮರ್ತೋಯ್ತು ಅಕ್ಕ". ಮೆಕ್ಯಾನಿಕ್ಕೂ ಅವಳಿಗೆ ತಕ್ಕ ಜೋಡಿ, ನಾಲಿಗೆಗೂ ಗ್ರೀಸು ಬಳಿದುಕೊಂಡವನ ಹಾಗೆ ತಡವರಿಸುವನು.

"ಮದುವೆ ದಿನ ಹೇಗಿತ್ತಪ್ಪ?" ಎಂದಳು ಅಕ್ಕ.

"ಚೆನ್ನಾಗಿತ್ತು."

"ಚೆನ್ನಾಗಿತ್ತಂತೆ! ಹೊಸ ಟೈರ್ ಬಗ್ಗೆ ಕೇಳಿದ್ರೂ ಇದನ್ನೇ ಹೇಳ್ತೀಯ. ನೋಡಿ ಇಲ್ಲಿ, ನಾನು ಹೇಳ್ತೀನಿ ನಂದು."

ಅಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅವನ ವಿಷಯ ಅವಳು ಯಾರ ಹತ್ತಿರವೂ ಎತ್ತಿದವಳಲ್ಲ. ಆವತ್ತು ಪಾಠದ ಹುರುಪಿನಲ್ಲಿ ಬಾಯಿಂದ ಬಂದುಬಿಟ್ಟಿತು. "ನಾವು ಸಹಿ ಹಾಕಿ ಹೊರಗೆ ಬಂದ್ವಿ. ಧೋ ಅಂತ ಮಳೆ. ಇದ್ದದ್ದು ಒಂದೇ ಕೊಡೆ. ಅವರು ಅದನ್ನ ಪೂರ್ತಿ ನನ್ನ ಕಡೆಗೇ ವಾಲಿಸಿ ಹಿಡ್ಕೊಂಡ್ರು. ಬಸ್ ನಿಲ್ದಾಣಕ್ಕೆ ಬರೋ ಹೊತ್ತಿಗೆ ಅವರ ಎಡಭುಜದಿಂದ ನೀರು ಇಳೀತಿತ್ತು. ನಾನು ಸೆರಗಲ್ಲಿ ಒರೆಸಿದೆ. 'ಬಿಡು, ಒಣಗುತ್ತೆ' ಅಂದ್ರು. ಕೇಳಿದ್ರಾ? ಇದು ಬಾಲ ಅಂದ್ರೆ."

ಇಬ್ಬರೂ ಮಕ್ಕಳ ಹಾಗೆ ಬಾಯಿ ಬಿಟ್ಟುಕೊಂಡು ಕೇಳಿದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ಇನ್ನೊಂದ್ಸಲ ಹೇಳಿ ಅಕ್ಕ," ಎಂದಳು. ಅಕ್ಕನೂ ಹೇಳಿದಳು. ಆಮೇಲೆ ಅವರು ಬಂದಾಗೆಲ್ಲ ಮಳೆಯ ಮಾತು ಬಂದೇ ಬರುತ್ತಿತ್ತು.

ಮೆಕ್ಯಾನಿಕ್ ವಾಪಸು ಹೋದ. ಸಂದರ್ಶನಗಳಾದವು. ಅರ್ಜಿ ತಿರಸ್ಕಾರವಾಯಿತು.

ಕಾರಣ ಬರೆದಿದ್ದ ಕಾಗದವನ್ನು ಅಕ್ಕ ಎರಡೆರಡು ಸಲ ಓದಿದಳು. ಮದುವೆಯ ದಿನ ಹೇಗಿತ್ತೆಂದು ಕೇಳಿದರೆ, ಅಲ್ಲಿ ಗಂಡ ಮಳೆ ಎಂದಿದ್ದ, ಇಲ್ಲಿ ಹೆಂಡತಿ ಮಳೆ ಎಂದಿದ್ದಳು. ಒಂದೇ ಕೊಡೆ, ಎಡಭುಜ, ಸೆರಗು, ಎಲ್ಲ ಅದೇ ಕ್ರಮದಲ್ಲಿ. ಇವರೇ ಅರ್ಜಿಯ ಜೊತೆಗಿಟ್ಟಿದ್ದ ಮದುವೆಯ ಫೋಟೊದಲ್ಲಿ ಮಾತ್ರ ನೆತ್ತಿ ಸುಡುವ ಬಿಸಿಲು. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ, ನೆರಳು ಕಾಲಡಿಗೆ ಅಂಟಿಕೊಂಡಿದೆ. ಆ ಫೋಟೊ ಅಕ್ಕ ನೋಡಿದ್ದಳು. ಮುಖ ಕಾಣುತ್ತದೆಯೇ, ಕಚೇರಿಯ ಬೋರ್ಡು ಕಾಣುತ್ತದೆಯೇ ಎಂದು ನೋಡಿದ್ದಳು. ಈ ಕಸುಬಿನಲ್ಲಿ ಫೋಟೊದ ಬಿಸಿಲನ್ನು ಯಾರೂ ನೋಡುವುದಿಲ್ಲ.

ಮರುಪರಿಶೀಲನೆಗೆ ಒಂದು ಅವಕಾಶವಿತ್ತು. ಅಲ್ಲಿಯೂ ಸುಳ್ಳು ಎಂದಾದರೆ ಆ ದೇಶದ ಬಾಗಿಲು ಹುಡುಗಿಗೆ ವರ್ಷಗಟ್ಟಲೆ ಮುಚ್ಚಿದಂತೆಯೇ. ಅಕ್ಕ ಅವಳನ್ನು ಕರೆಸಿದಳು.

"ನಂದನ್ನ ನಿಂದು ಅಂತ ಯಾಕಮ್ಮ ಹೇಳಿದೆ?" ಎಂದಳು, ಬೈಯುವ ದನಿಯಲ್ಲಿ.

ಹುಡುಗಿ ಬೆಪ್ಪಾಗಿ ನೋಡಿದಳು. "ನಮ್ಮದೇ ಹೇಳಿದ್ದಲ್ವಾ ಅಕ್ಕ? ಮಳೆ ಬಂದಿತ್ತು."

"ನನ್ನ ಮದುವೇಲಿ."

"ನಮ್ಮದ್ರಲ್ಲೂ ಬಂದಿತ್ತು ಅಕ್ಕ. ಕಣ್ಣಿಗೆ ಕಟ್ಟಿದ ಹಾಗಿದೆ. ಬೇಕಾದ್ರೆ ಇವರನ್ನೇ ಕೇಳಿ."

ಫೋನು ಮಾಡಿದರು. ಅತ್ತ ಕಡೆ ಬಸ್ಸಿನ ಎಂಜಿನ್ನುಗಳ ಗುಡುಗಿನ ನಡುವೆ ಮೆಕ್ಯಾನಿಕ್ ಕೂಗಿದ: "ಬಂದಿತ್ತಲ್ಲ ಅಕ್ಕ! ನನ್ನ ಎಡಭುಜ ಪೂರ್ತಿ ನೆಂದಿತ್ತು. ಆವಾಗಾವಾಗ ಈಗಲೂ ತಣ್ಣಗಾಗುತ್ತೆ."

ಅಕ್ಕ ಫೋನು ಕೆಳಗಿಟ್ಟಳು. ಆ ಕೊನೆಯ ಮಾತನ್ನು ಅವಳು ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ಅವಳಿಗೊಂದು ಕಾಟ ಹತ್ತಿಕೊಂಡಿತು. ಮೆಟ್ಟಿಲಿಳಿದು ನನ್ನ ಅಂಗಡಿಗೆ ಬಂದು, ಚಹಾ ಕೈಯಲ್ಲಿ ಹಿಡಿದು ಕುಡಿಯದೆ ಕೂತಳು. "ಅಣ್ಣಾ, ಅವರನ್ನ ನೆನೆಸ್ಕೊಂಡ್ರೆ ಕೊಡೆ ಕಾಣುತ್ತೆ. ಮಳೆ ಕಾಣುತ್ತೆ. ಕೊಡೆ ಕೆಳಗೆ ಆ ಮೆಕ್ಯಾನಿಕ್ ನಿಂತಿದ್ದಾನೆ," ಎಂದಳು. ಎಷ್ಟು ಸಲ ತಲೆ ಕೊಡವಿದರೂ ಅವನು ಅಲ್ಲಿಂದ ಕದಲುವುದಿಲ್ಲವಂತೆ. ಗಂಡನ ಬೇರೆ ನೆನಪೆಲ್ಲ ಇದ್ದಲ್ಲೇ ಇತ್ತು: ಅವನ ಕೆಮ್ಮು, ಅವನ ಕೋಪ, ಆಸ್ಪತ್ರೆಯ ಮಂಚ. ಆ ಒಂದು ದಿನದೊಳಕ್ಕೆ ಮಾತ್ರ ಬೇರೆ ಯಾರೋ ಬಂದು ಸಂಸಾರ ಹೂಡಿಬಿಟ್ಟಿದ್ದರು.

"ಆವತ್ತಿನ ಫೋಟೊ ಇದ್ಯಾ, ನೋಡೋಕೆ?" ಎಂದೆ.

"ಮಳೇಲಿ ಯಾರು ತೆಗೀತಾರೆ ಅಣ್ಣ?"

ಮೊದಲು ಹುಡುಗಿಯ ದಿನವನ್ನು ಹುಡುಕಿ ಕೊಡಬೇಕಿತ್ತು. ಅಕ್ಕ ಅವಳನ್ನು ಬಾಗಿಲಿಗೆ ಮುಖ ಮಾಡಿ ಕೂರಿಸಿದಳು. ಮದುವೆಯ ಮಾತೇ ಎತ್ತಲಿಲ್ಲ.

"ಆವತ್ತು ಕಾಲಲ್ಲಿ ಏನಿತ್ತು?"

"ಅತ್ತಿಗೆ ಚಪ್ಪಲಿ."

"ಸರಿಯಾಗಿತ್ತಾ?"

"ಎಲ್ಲಿ ಅಕ್ಕ! ಕಚ್ಚಿ ಕಚ್ಚಿ ಹಿಮ್ಮಡಿ ಸುಲಿದಿತ್ತು. ಮೆಟ್ಟಿಲ ಹತ್ರ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೆ. ಕಾಲಿಟ್ರೆ ನೆಲ ಹಂಚಿನ ಹಾಗೆ ಸುಡ್ತಿತ್ತು. ಕುಣ್ಕೊಂಡು ಓಡಿಹೋಗಿ ಅಲ್ಲಿ ನಿಂತಿದ್ದ ವ್ಯಾನಿನ ನೆರಳಲ್ಲಿ ನಿಂತೆ. ಇವರು ಹೊಟ್ಟೆ ಹಿಡ್ಕೊಂಡು ನಗ್ತಿದ್ರು, ನಾನು ಕೋಪ..."

ಹುಡುಗಿ ತನ್ನ ಪಾದಗಳನ್ನೇ ನೋಡುತ್ತ ಕೂತಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಹಾಗಾದ್ರೆ ಮಳೆ ಎಲ್ಲಿಂದ ಬಂತು?"

ಸಿಕ್ಕಿತು ಎಂದು ಅಕ್ಕನಿಗೆ ಸಂತೋಷವಾಗಲಿಲ್ಲ. ಈಗ ಹೋಗಿ ಬಿಸಿಲು, ಚಪ್ಪಲಿ, ವ್ಯಾನು ಎಂದರೆ, ಫೋಟೊ ನೋಡಿಕೊಂಡು ಇನ್ನೊಂದು ಪಾಠ ಉರುಹೊಡೆದು ಬಂದಿದ್ದಾಳೆ ಎನ್ನುತ್ತಾರೆ. ಮೊದಲಿನ ಮಳೆ ಎಲ್ಲಿಂದ ಬಂತೆಂದು ಯಾರಾದರೂ ಹೇಳಬೇಕು. ಹೇಳಬಲ್ಲವರು ಒಬ್ಬರೇ.

ಕಚೇರಿಯ ಮಾಲೀಕರು ಕೂಗಾಡಿದ್ದು ಕೆಳಗೆ ನನ್ನ ಅಂಗಡಿಗೂ ಕೇಳಿಸಿತು. "ತಲೆ ಕೆಟ್ಟಿದ್ಯೇನಮ್ಮ ನಿನಗೆ? ಅರ್ಜಿದಾರರ ಬಾಯಿಗೆ ಮಾತು ಹಾಕಬಾರದು ಅನ್ನೋದು ಈ ಕಸುಬಿನ ಮೊದಲ್ನೇ ಪಾಠ. ನೀನೇ ಹೋಗಿ ಹಾಕಿದೀನಿ ಅಂತೀಯ? ಪರವಾನಗಿ ಕಿತ್ಕೋತಾರೆ!"

"ಕಿತ್ಕೊಳ್ಳಿ ಸರ್."

"ಆಮೇಲೆ ಏನು ಮಾಡ್ತೀಯ, ಕಾಜಾ ಹಾಕ್ತೀಯ?"

"ಕಲಿಸಿದ್ರೆ ಹಾಕ್ತೀನಿ."

ಮರುಪರಿಶೀಲನೆಯ ಕೋಣೆಯಲ್ಲಿ ನಡೆದದ್ದನ್ನು ಅಕ್ಕನೇ ನನಗೆ ಹೇಳಿದಳು. ಅಧಿಕಾರಿ ಅವಳದೇ ವಯಸ್ಸಿನ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತಾಡುವವರು. ಹುಡುಗಿಯನ್ನು ಹೊರಗೆ ಕೂರಿಸಿ, ಅಕ್ಕನನ್ನು ಅರ್ಜಿದಾರರ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಯೂ ಬಾಗಿಲು ಬೆನ್ನ ಹಿಂದೆಯೇ ಇತ್ತು.

"ಆ ಮಳೆ ನಿಮ್ಮದು ಅಂತೀರಿ. ಏನು ಆಧಾರ?"

"ಏನೂ ಇಲ್ಲ ಮೇಡಂ. ನಮ್ಮನೆಯವರು ತೀರ್ಕೊಂಡಿದಾರೆ. ಫೋಟೊ ಇಲ್ಲ."

"ಹಾಗಾದ್ರೆ ಇದೂ ಒಂದು ಕಥೆ ಅಲ್ಲ ಅಂತ ನಾನು ಹೇಗೆ ನಂಬ್ಲಿ? ಯಾವ ಭುಜ ನೆಂದಿತ್ತು?"

"ಎಡಭುಜ."

"ಕೊಡೆ ಯಾವ ಕೈಯಲ್ಲಿತ್ತು?"

"ಬಲಗೈ."

"ಸೆರಗಲ್ಲಿ ಒರೆಸಿದ್ರಿ. ಮುಖ ಎತ್ತಿ ನೋಡಿದಾಗ ಅವರ ಮುಖ ಹೇಗಿತ್ತು?"

ಬಾಲ ಇದ್ದ ಉತ್ತರ ಅಕ್ಕನ ನಾಲಿಗೆಯ ತುದಿಗೇ ಬಂದಿತ್ತಂತೆ: ರೆಪ್ಪೆಯ ಮೇಲೆ ಹನಿ ಇತ್ತು ಎನ್ನಬಹುದಿತ್ತು, ನಗುತ್ತಿದ್ದರು ಎನ್ನಬಹುದಿತ್ತು. ಇಂಥ ಉತ್ತರಗಳನ್ನು ಅವಳು ನೂರಾರು ಜನರ ಬಾಯಿಂದ ಹೊರಡಿಸಿದವಳು. ಬಾಯಿ ತೆರೆದಳು. ಕೊಡೆಯ ಕೆಳಗೆ ಮೆಕ್ಯಾನಿಕ್ ಅವಳನ್ನೇ ನೋಡುತ್ತಿದ್ದ.

"ಗೊತ್ತಿಲ್ಲ," ಎಂದಳು.

"ನಿಮ್ಮ ಗಂಡನ ಮುಖ ಗೊತ್ತಿಲ್ವಾ?"

"ಆವತ್ತಿನದು ಗೊತ್ತಿಲ್ಲ ಮೇಡಂ. ಈ ಮಕ್ಕಳಿಗೆ ಕೊಟ್ಟ ಮೇಲೆ ನನಗೆ ಕಾಣಿಸ್ತಿಲ್ಲ."

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಇಳಿಸಿ, ಮೂಗಿನ ಮೇಲಿಟ್ಟು ಅವಳನ್ನು ನೋಡಿದರಂತೆ. ಆಮೇಲೆ ಹುಡುಗಿಯನ್ನು ಒಳಗೆ ಕರೆದು, ಅವಳು ಮರುಪರಿಶೀಲನೆಯ ಅರ್ಜಿಯಲ್ಲಿ ಬರೆದಿದ್ದ ಚಪ್ಪಲಿ, ಕೋಪದ ಕಥೆಯನ್ನು ನೋಡಿಕೊಂಡು, ಚಪ್ಪಲಿ ಯಾರದು ಎಂದು ಮಾತ್ರ ಕೇಳಿದರಂತೆ. ಮೆಕ್ಯಾನಿಕ್ಕಿಗೂ ಅಲ್ಲಿಂದಲೇ ಫೋನು ಹೋಯಿತು. ಹೆಂಡತಿ ಕೋಪ ಮಾಡಿಕೊಂಡದ್ದು ಯಾವಾಗ ಎಂದು ಕೇಳಿದ್ದಕ್ಕೆ ಅವನು, "ಯಾವತ್ತಿನದು ಕೇಳ್ತಿದ್ದೀರಿ ಮೇಡಂ?" ಎಂದನಂತೆ. ಮದುವೆಯ ದಿನ ಎಂದಾಗ, ಫೋನಿನಲ್ಲೇ ನಗು ಬಂದು, "ಅಯ್ಯೋ, ಬರಿಗಾಲಲ್ಲಿ ಕುಣಿದ್ಲು!" ಎಂದುಬಿಟ್ಟ. ಎಷ್ಟೋ ದಿನ ಹುಗಿದುಹೋಗಿದ್ದ ಮಾತು, ಯಾರೂ ಹೇಳಿಕೊಡದೆ ಎದ್ದು ಬಂತು.

ವೀಸಾ ಬಂತು. ಅಕ್ಕನ ಸಲಹೆಯ ಪರವಾನಗಿ ಹೋಯಿತು. ಅರ್ಜಿದಾರರನ್ನು ಅವಳು ಇನ್ನು ಮುಂದೆ ನೋಡುವ ಹಾಗಿಲ್ಲ, ಹೊಸಬರಿಗೆ ಪಾಠ ಹೇಳಬಹುದು ಎಂದಾಯಿತು. ಮಾಲೀಕರು ಗೊಣಗುತ್ತಲೇ ಅವಳನ್ನು ತರಬೇತಿಯ ಕೋಣೆಗೆ ಹಾಕಿದರು. ಇವತ್ತಿಗೂ ಅವಳು ಅಲ್ಲಿಯೇ ಇದ್ದಾಳೆ. ಹೊಸಬರು "ಒಂದು ಉದಾಹರಣೆ ಕೊಡಿ ಅಕ್ಕ" ಎಂದರೆ ಬೋರ್ಡು ಒರೆಸಲು ತಿರುಗುತ್ತಾಳೆ.

ಹೊರಡುವ ದಿನ ಹುಡುಗಿ ಪೆಟ್ಟಿಗೆಯನ್ನು ನನ್ನ ಅಂಗಡಿಯಲ್ಲಿಟ್ಟು ಅಕ್ಕನನ್ನು ಕೆಳಗೆ ಕರೆಸಿದಳು. ಹೊರಗೆ ಕಾರು ಕಾಯುತ್ತಿತ್ತು. ನಾನು ಯಾರದೋ ಫೋಟೊಗಳ ಅಂಚು ಕತ್ತರಿಸುತ್ತಿದ್ದೆ.

"ಅಕ್ಕಾ, ಬಿಸಿಲು ಬಂತು. ಮಳೆ ಹೋಗ್ಲಿಲ್ಲ," ಎಂದಳು ಹುಡುಗಿ. "ಎರಡೂ ಇವೆ. ನಿಮ್ಮದನ್ನ ಎತ್ಕೊಂಡು ಹೋಗ್ತಿದೀನಿ ಅನ್ಸುತ್ತೆ, ಕಳ್ಳಿ ಹಾಗೆ. ವಾಪಸ್ ಹೇಗೆ ಕೊಡ್ಲಿ?"

ಅಕ್ಕ ಫೋಟೊಕ್ಕೆ ಕೂರುವ ಸ್ಟೂಲಿನ ಮೇಲೆ ಕೂತಳು. "ಹೇಳು," ಎಂದಳು.

"ಏನು ಹೇಳ್ಲಿ?"

"ಆವತ್ತಿಂದು. ಮೊದಲಿಂದ ಹೇಳು."

ಹುಡುಗಿ ಹೇಳತೊಡಗಿದಳು. ಮೊದಲೆಲ್ಲ ಮಾತೇ ಹೊರಡದಿದ್ದವಳು ಈಗ ಒಂದನ್ನೂ ಬಿಡದೆ ಹೇಳಿದಳು: ಸಹಿ ಹಾಕಿದ ಪೆನ್ನು, ಧೋ ಎಂದ ಮಳೆ, ವಾಲಿದ ಕೊಡೆ. ಅಕ್ಕ ಬೇರೆ ಯಾರದೋ ಕಥೆ ಕೇಳುವವಳ ಹಾಗೆ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಹುಡುಗಿ ಉಸಿರೆಳೆದುಕೊಳ್ಳಲು ನಿಂತರೆ "ಆಮೇಲೆ?" ಎನ್ನುವಳು. ಕಾರಿನವನು ಹಾರನ್ ಹೊಡೆದ. ಇಬ್ಬರಿಗೂ ಕೇಳಿಸಲಿಲ್ಲ.

"ಭುಜ ಒರೆಸಿದ್ರಿ. 'ಬಿಡು, ಒಣಗುತ್ತೆ' ಅಂದ್ರು."

"ಮುಖ?" ಎಂದಳು ಅಕ್ಕ. "ಅವರ ಮುಖ ನೋಡು. ಚೆನ್ನಾಗಿ ನೋಡು ನನ್ನಮ್ಮ."

ಹುಡುಗಿ ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿ, ಕತ್ತಲೆಯಲ್ಲಿ ಸೂಜಿ ಹುಡುಕುವವಳ ಹಾಗೆ ಹುಡುಕಿದಳು. ಕೊನೆಗೆ ಕಣ್ಣು ಬಿಟ್ಟಾಗ ಅವಳ ಮುಖ ಬಾಡಿತ್ತು.

"ನಮ್ಮ ಮನೆಯವರದೇ ಕಾಣ್ಸುತ್ತೆ ಅಕ್ಕ."

"ನನಗೂ," ಎಂದಳು ಅಕ್ಕ. ಎದ್ದು, ಹುಡುಗಿಯ ಪೆಟ್ಟಿಗೆಯ ಒಂದು ಹಿಡಿಯನ್ನು ತಾನು ಹಿಡಿದು, ಕಾರಿನ ತನಕ ಜೊತೆಗೆ ಹೋದಳು.